ಮೂರನೇ ಸೀಡಿಯ ಮೇಲೆ ವಿಭೂತಿ

ವಿಜಯದಶಮಿಯ ಬೆಳಿಗ್ಗೆ ನಮ್ಮ ಕಂಪ್ಯೂಟರು ಮದುಮಗನ ಹಾಗೆ ಸಿಂಗರಿಸಿಕೊಂಡು ಕೂತಿತ್ತು. ಮಾನಿಟರಿನ ಹಣೆಗೆ ಮೂರೆಳೆ ವಿಭೂತಿ, ಸಿಪಿಯು ಡಬ್ಬದ ಎರಡೂ ಕಡೆ ಬಾಳೆಕಂದು, ಕೀಬೋರ್ಡಿನ ಮೇಲೆ ಸೇವಂತಿಗೆ, ಮೌಸಿಗೂ ಒಂದು ಕುಂಕುಮದ ಬೊಟ್ಟು. ಹಿಂದಿನ ದಿನ ಆಯುಧಪೂಜೆಗೆ ಅಮ್ಮ ಅದನ್ನು ಹೊಲಿಗೆ ಮೆಷಿನ್ನು, ಈಳಿಗೆ ಮಣೆಗಳ ಸಾಲಿಗೆ ಸೇರಿಸಿ ಪೂಜೆ ಮಾಡಿದ್ದಳು. ಪೂಜೆಗೆ ಇಟ್ಟದ್ದನ್ನು ದಶಮಿಯ ಮರುಪೂಜೆ ಆಗುವ ತನಕ ನಮ್ಮ ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ನವಮಿಯ ದಿನವಿಡೀ ನಾನು ಅದರ ಸುತ್ತ ಸುತ್ತಿದ್ದೆ, ಬೇಡಿಕೊಂಡಿದ್ದೆ, ಕೂಗಾಡಿದ್ದೆ. ಅಮ್ಮ ಜಗ್ಗಲಿಲ್ಲ.

ನನಗೆ ಅವಸರವಿತ್ತು. ಅವತ್ತು ಸಂಜೆಯೇ ನನ್ನ ವೀಳ್ಯಶಾಸ್ತ್ರ. ಕೆಂಗೇರಿಯಿಂದ ಗಂಡಿನ ಕಡೆಯವರು ಚಂದ್ರಾ ಲೇಔಟಿನ ನಮ್ಮ ಮನೆಗೆ ಬರುವವರಿದ್ದರು. ತಾಂಬೂಲದ ತಟ್ಟೆ ಕೈಯಿಂದ ಕೈಗೆ ಹೋಗುವ ಮುಂಚೆ ಹೆಣ್ಣಿನ ತಂದೆ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬೇಕು, ‘ನನ್ನ ಮಗಳನ್ನು ನಿಮ್ಮ ಮನೆಗೆ ಕೊಡುತ್ತಿದ್ದೇನೆ’ ಎಂದು. ನನ್ನ ಅಪ್ಪಾಜಿಗೆ ದನಿ ಇರಲಿಲ್ಲ.

ಅಪ್ಪಾಜಿ, ಅಂದರೆ ಶಿವಬಸಪ್ಪ, ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಲ್ಲಿ ನಿಂತು ‘ಅತ್ತಿಗುಪ್ಪೆ’ ಎಂದು ಕೂಗಿದರೆ ಡ್ರೈವರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವರು ಬೆಚ್ಚಿಬಿದ್ದು ಚೀಲ ಹುಡುಕುತ್ತಿದ್ದರು. ಅಂಥ ಗಂಟಲಿಗೇ ಕ್ಯಾನ್ಸರ್ ಬಂತು. ಡಾಕ್ಟರು ಜೀವ ಉಳಿಸಿಕೊಟ್ಟರು, ಧ್ವನಿಪೆಟ್ಟಿಗೆ ತೆಗೆದರು. ಅಂದಿನಿಂದ ಅವರ ಕೈಯಲ್ಲಿ ಒಂದು ಸ್ಲೇಟು. ಬರೆಯುವವನಿಗಾಗಿ ಕಾಯುವ ತಾಳ್ಮೆ ಯಾರಿಗಿದೆ ಹೇಳಿ! ಅವರು ಅರ್ಧ ವಾಕ್ಯ ಬರೆಯುವಷ್ಟರಲ್ಲಿ ಮಾತು ಇನ್ನೆಲ್ಲೋ ಹೋಗಿರುತ್ತಿತ್ತು. ಮನೆಗೆ ಜನ ಬಂದರಂತೂ ಅಪ್ಪಾಜಿಯ ಅಣ್ಣ, ನಮ್ಮ ದೊಡ್ಡಪ್ಪ ಚನ್ನವೀರಪ್ಪನವರು, ಪಕ್ಕದಲ್ಲೇ ಕೂತು ಸ್ಲೇಟು ಕಸಿದುಕೊಂಡು ಓದಿ ಹೇಳುತ್ತಿದ್ದರು. ಓದುವುದು ಎಂದರೆ ಅವರಿಗೆ ತೋಚಿದಷ್ಟು. ಅಪ್ಪಾಜಿ ಐದು ಸಾಲು ಬರೆದರೆ ದೊಡ್ಡಪ್ಪನ ಬಾಯಲ್ಲಿ ಅದು ‘ನಮ್ಮ ತಮ್ಮ ಸರಿ ಅಂತಿದಾನೆ’ ಎಂದಾಗುತ್ತಿತ್ತು.

ಹೆಣ್ಣು ನೋಡಲು ಬಂದ ದಿನವೂ ಹಾಗೇ ಆಯಿತು. ಹುಡುಗ ರುದ್ರೇಶ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಮಾತು ಕಮ್ಮಿ, ನಗು ಚೆಂದ. ನನಗೆ ಹಿಡಿಸಿದ್ದ, ಸುಳ್ಳು ಯಾಕೆ ಹೇಳಲಿ. ನಾನು ಅಡುಗೆಮನೆಯಿಂದ ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ಹಾಲಿಗೆ ಬರುವ ಹೊತ್ತಿಗೆ ದೊಡ್ಡಪ್ಪ ಸ್ಲೇಟು ಒರೆಸುತ್ತಾ, “ಮದುವೆ ಆದ್ಮೇಲೆ ಹುಡುಗಿ ಕೆಲಸ ಬಿಡ್ತಾಳೆ. ನಮ್ಮ ತಮ್ಮಂದೂ ಅದೇ ಅಭಿಪ್ರಾಯ” ಎನ್ನುತ್ತಿದ್ದರು. ಅಪ್ಪಾಜಿ ನೆಲ ನೋಡುತ್ತಿದ್ದರು. ನನ್ನ ಕೈಯಲ್ಲಿದ್ದ ತಟ್ಟೆಗಳನ್ನು ಅಲ್ಲೇ ಎತ್ತಿಹಾಕಬೇಕು ಅನಿಸಿತು. ಹೋಗಲಿ, ದೊಡ್ಡಪ್ಪ ಹೇಳಿದರೆ ಜಗಳವಾಡಬಹುದು. ಅಪ್ಪಾಜಿಯೇ ಒಪ್ಪಿದ್ದರೆ ಯಾರ ಹತ್ತಿರ ಜಗಳವಾಡುವುದು? ನಾನು ವಿಜಯನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಕಲಿಸುತ್ತಿದ್ದೆ. ಆ ಕೆಲಸ ನನಗೆ ಪ್ರಾಣ ಅನ್ನುವುದು ಅವರಿಗೆ ಗೊತ್ತಿತ್ತು.

ಜನ ಹೋದ ಮೇಲೆ ಕೇಳಿಯೇಬಿಟ್ಟೆ. “ಅಪ್ಪಾಜಿ, ನೀವೂ ಒಪ್ಪಿಬಿಟ್ರಾ?”

ಅವರು ನನ್ನ ಮುಖವನ್ನೇ ನೋಡಿ ಸ್ಲೇಟಿನ ಮೇಲೆ ಬರೆದರು: “ವೀಳ್ಯದ ದಿನ ನಾನೇ ಹೇಳ್ತೀನಿ. ಮಾತಾಡೋ ಮೆಷಿನ್ ರೆಡಿ ಮಾಡು.” ಅಷ್ಟೇ. ಇನ್ನೊಂದಕ್ಷರ ಬರೆಯಲಿಲ್ಲ.

ಮಾತಾಡುವ ಮೆಷಿನ್ ಎಂದರೆ ನಮ್ಮ ಕೇಂದ್ರದಲ್ಲಿದ್ದ ಒಂದು ಪ್ರೋಗ್ರಾಂ. ಕನ್ನಡದಲ್ಲಿ ಟೈಪು ಮಾಡಿದರೆ ಅದು ಗಟ್ಟಿಯಾಗಿ ಓದುತ್ತಿತ್ತು. ಒಂದು ಸಂಜೆ ಅಪ್ಪಾಜಿಯನ್ನು ಕರೆದುಕೊಂಡು ಹೋಗಿ ಕೀಬೋರ್ಡ್ ಮುಂದೆ ಕೂರಿಸಿದ್ದೆ. ಬಹಳ ಹೊತ್ತು ಹುಡುಕಿ ಹುಡುಕಿ ಅವರು ಒತ್ತಿದ ಮೊದಲ ಮಾತು, ‘ಕಾಫಿಗೆ ಸಕ್ಕರೆ ಜಾಸ್ತಿ ಆಗ್ತಿದೆ’. ಸ್ಪೀಕರಿನಿಂದ ಮೂಗಿನ ದನಿಯಲ್ಲಿ ಅದು ಹೊರಬಂದದ್ದೇ ತಡ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪಾಜಿಯ ನಗುವಿಗೆ ಸದ್ದಿಲ್ಲ, ಕಣ್ಣಲ್ಲಿ ನೀರು ಮಾತ್ರ. ಆಮೇಲೆ ಸಂಜೆ ಸಂಜೆ ಬಂದು ಟೈಪಿಂಗ್ ಕಲಿತರು. ದಸರಾ ರಜೆ ಮುಗಿದ ಮೇಲೆ ಶಾಸ್ತ್ರ ಇಟ್ಟುಕೊಳ್ಳೋಣ, ಅಷ್ಟರಲ್ಲಿ ಮನೆಯ ಕಂಪ್ಯೂಟರಿಗೂ ಅದನ್ನು ಹಾಕಿದರಾಯಿತು ಎಂದುಕೊಂಡಿದ್ದೆ. ದೊಡ್ಡಪ್ಪ ಯಾರನ್ನೂ ಕೇಳದೆ ಫೋನಿನಲ್ಲೇ ವಿಜಯದಶಮಿಗೆ ನಿಕ್ಕಿ ಮಾಡಿಬಿಟ್ಟರು. ಕೇಂದ್ರಕ್ಕೆ ರಜೆ, ಬೀಗದ ಕೈ ಓನರಿನ ಜೊತೆ ಊರಿಗೆ ಹೋಗಿತ್ತು. ನನ್ನ ಹತ್ತಿರ ಉಳಿದದ್ದು ಪೆನ್ ಡ್ರೈವಿನಲ್ಲಿದ್ದ ಆ ಪ್ರೋಗ್ರಾಮಿನ ಒಂದೇ ಒಂದು ಪ್ಯಾಕೇಜು, ಅಂದರೆ ಅದನ್ನು ಹಾಕುವ ಫೈಲು.

ಮರುಪೂಜೆಯ ಮಂಗಳಾರತಿ ಇನ್ನೂ ಉರಿಯುತ್ತಿರುವಾಗಲೇ ನಾನು ಕಂಪ್ಯೂಟರ್ ಆನ್ ಮಾಡಿದೆ. ಪೆನ್ ಡ್ರೈವ್ ಹಾಕಿ, ಇನ್‌ಸ್ಟಾಲ್ ಆಜ್ಞೆ ಕೊಟ್ಟು, ಅಪ್ಪಾಜಿಗೆ ಕಾಫಿ ಲೋಟ ಕೈಗಿಟ್ಟು, “ಕಾಫಿ ಮುಗಿಸಿ, ಅಷ್ಟರಲ್ಲಿ ಮಾತಾಡುತ್ತೆ” ಎಂದೆ.

ಪರದೆಯ ಮೇಲೆ ಬಂತು: ಡಿಪೆಂಡೆನ್ಸಿ ಎರರ್.

ಲಿನಕ್ಸ್ ಗೊತ್ತಿಲ್ಲದವರಿಗೆ ಇದನ್ನು ಹೇಳುವುದು ಸುಲಭ. ಹೋಳಿಗೆ ಮಾಡು ಎಂದರೆ ಅದು ಹೂರಣ ಎಲ್ಲಿ ಎನ್ನುತ್ತದೆ. ಹೂರಣ ತರೋಣವೆಂದರೆ ಬೆಲ್ಲ ಎಲ್ಲಿ ಎನ್ನುತ್ತದೆ. ಒಂದು ಪ್ಯಾಕೇಜಿಗೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ನನ್ನ ಪ್ರೋಗ್ರಾಂ ಕೇಳಿದ್ದು ದನಿ ಹೊರಡಿಸುವ ಒಂದು ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಕೋಡಿನ ಕಟ್ಟನ್ನು. ನನಗೆ ಗಾಬರಿಯಾಗಲಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದಿದ್ದ ಸೀಡಿಗಳಿಂದಲೇ ಈ ಲಿನಕ್ಸ್ ಹಾಕಿದ್ದೆ, ಆ ಲೈಬ್ರರಿ ಮೂರನೇ ಸೀಡಿಯಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅದನ್ನು ತೆಗೆದು ಡ್ರೈವಿಗೆ ಹಾಕಿದೆ. ಡ್ರೈವು ಗರ್ರೆಂದಿತು, ನರಳಿತು, ಸುಮ್ಮನಾಯಿತು. ಮತ್ತೆ ಹಾಕಿದೆ. ಮತ್ತೆ ನರಳಿತು. ಹೊರತೆಗೆದು ತಿರುಗಿಸಿ ನೋಡಿದೆ.

ಸೀಡಿಯ ಮಿಂಚುವ ಮೈ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಮೂರು ಬೆರಳಿನ ವಿಭೂತಿ! ನಡುವೆ ಒದ್ದೆ ಕುಂಕುಮ ಒಣಗಿ ಗಟ್ಟಿಯಾಗಿತ್ತು.

“ಅಮ್ಮಾ!” ಎಂದು ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆ ನಾಯಿ ಬೊಗಳಿತು.

ಅಮ್ಮ ಸೌಟು ಹಿಡಿದೇ ಓಡಿಬಂದಳು. ನಮ್ಮಮ್ಮ ಕಲ್ಯಾಣಮ್ಮ ಪೂಜೆಯಲ್ಲಿ ಅರ್ಧಂಬರ್ಧ ಮಾಡುವವಳೇ ಅಲ್ಲ, ಸೀಡಿಯನ್ನೂ ಬಿಟ್ಟಿರಲಿಲ್ಲ.

“ಯಾಕೇ ಹಂಗೆ ಕಿರುಚ್ತೀಯ? ಪೂಜೆ ಮಾಡಿದ್ದು ತಪ್ಪಾ?”

“ಹಿಂದುಗಡೆ ಇಡ್ಬಾರ್ದಿತ್ತಾ ಅಮ್ಮ? ಚಿತ್ರ ಇರೋ ಕಡೆ?”

“ಫಳಫಳ ಹೊಳೀತಾ ಇತ್ತು ಕಣೇ, ಅದೇ ಮುಖ ಅಂದ್ಕೊಂಡೆ. ದೇವರಿಗೆ ಯಾರಾದ್ರೂ ಬೆನ್ನಿಗೆ ವಿಭೂತಿ ಇಡ್ತಾರಾ?”

ಅಪ್ಪಾಜಿ ಭುಜ ಕುಲುಕಿಸಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಮೆತ್ತನೆಯ ಹತ್ತಿ ಬಟ್ಟೆ ಹುಡುಕಲು ರೂಮಿಗೆ ಹೋದೆ. ಬಟ್ಟೆ ಹಿಡಿದು ಬರುವಷ್ಟರಲ್ಲಿ ಸೀಡಿ ಮೇಜಿನ ಮೇಲಿರಲಿಲ್ಲ. ಬಚ್ಚಲಿನಿಂದ ಸರಸರ ಸದ್ದು ಕೇಳಿಸಿತು. ಓಡಿದೆ. ಅಮ್ಮ ತಪ್ಪು ಸರಿಮಾಡುವ ಉತ್ಸಾಹದಲ್ಲಿ ಪಾತ್ರೆ ತೊಳೆಯುವ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ, ಪೂರಾ ಮಂಕಾದ ಸೀಡಿಯನ್ನು ಬೆಳಕಿಗೆ ಹಿಡಿದು, “ನೋಡು, ಒಂದು ಚೂರೂ ಕಲೆ ಇಲ್ಲ” ಎಂದಳು.

ನಾನು ಬಚ್ಚಲ ಬಾಗಿಲಲ್ಲೇ ಕುಸಿದು ಕೂತೆ. ಅಮ್ಮನಿಗೂ ಏನೋ ಅನಾಹುತವಾಗಿದೆ ಎಂದು ಹೊಳೆದು ಮುಖ ಸಣ್ಣದಾಯಿತು. “ಇದೊಂದು ಇಲ್ದಿದ್ರೆ ಏನಾಗುತ್ತೆ?” ಎಂದು ಮೆಲ್ಲಗೆ ಕೇಳಿದಳು.

“ಅಪ್ಪಾಜಿ ಬದ್ಲು ದೊಡ್ಡಪ್ಪ ಮಾತಾಡ್ತಾರೆ. ಅಷ್ಟೇ.”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಸ್ಕೂಟಿಯ ಕೀ ತಂದು ಕೈಗಿಟ್ಟಳು. “ಎಲ್ಲಿ ಸಿಗುತ್ತೋ ಹೋಗಿ ತಗೊಂಡು ಬಾ. ಅಡುಗೆ ನಾನು ನೋಡ್ಕೋತೀನಿ.”

ನಮ್ಮ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಹತ್ತಿರದ ಸೈಬರ್ ಸೆಂಟರ್ ಎಂದರೆ ಮಾರೇನಹಳ್ಳಿಯ ಚನ್ನಕೇಶವನದು. ರಸ್ತೆ ತುಂಬ ನಿನ್ನೆ ಒಡೆದ ಬೂದುಗುಂಬಳ. ತಿರುವಿನಲ್ಲಿ ಸ್ಕೂಟಿ ಜಾರಿ, ಬಾಳೆಕಂದು ಕಟ್ಟಿದ್ದ ಆಟೋ ಒಂದನ್ನು ಸವರಿಕೊಂಡು ಹೋದೆ. ಆಟೋದವನು ಏನೋ ಅಂದ, ನಾನೂ ಏನೋ ಅಂದೆ. ಸೈಬರ್ ಸೆಂಟರಿನ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದರೆ ಚನ್ನಕೇಶವ ಸ್ಟೂಲಿನ ಮೇಲೆ ಕೂತು ಪುರಿ ತಿನ್ನುತ್ತಿದ್ದ. ಹಿಂದೆ ಅವನ ಕಂಪ್ಯೂಟರುಗಳೂ ಬೊಟ್ಟಿಟ್ಟುಕೊಂಡು ಸಾಲಾಗಿ ಕೂತಿದ್ದವು.

“ಮೇಡಂ, ಇನ್ನೂ ಮರುಪೂಜೆ ಆಗಿಲ್ಲ. ಸಿಸ್ಟಮ್ ಆನ್ ಮಾಡಲ್ಲ.”

“ಯಾವಾಗ ಮಾಡ್ತೀರ?”

“ನಮ್ಮ ಮನೆಯವರು ಬರ್ಬೇಕು. ಸಂಜೆ ಆಗ್ಬೋದು.”

“ಕಡ್ಡಿಪೆಟ್ಟಿಗೆ ಎಲ್ಲಿದೆ?” ಎಂದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಊದುಬತ್ತಿ ಹಚ್ಚಿ, ಕರ್ಪೂರ ಬೆಳಗಿ, ಗಂಟೆ ಇಲ್ಲದ್ದಕ್ಕೆ ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಬಾರಿಸಿ, ಒಂದೊಂದೇ ಮಾನಿಟರಿಗೆ ಆರತಿ ಎತ್ತಿಬಿಟ್ಟೆ. ಚನ್ನಕೇಶವ ಗತಿಯಿಲ್ಲದೆ ಎದ್ದು ನಿಂತು ಕೈಮುಗಿದ. ಪುರಿ ಅವನ ಅಂಗೈಯಿಂದ ಉದುರಿತು. “ಆಯ್ತು, ಕೂತ್ಕೊಳ್ಳಿ ಮೇಡಂ. ನೀವು ಕೇಳೋ ಹಂಗೆ ಕಾಣಲ್ಲ” ಎಂದು ಸ್ವಿಚ್ ಹಾಕಿದ.

ಆ ಲೈಬ್ರರಿ ಸಿಕ್ಕಿತು! ಹಲವು ಆವೃತ್ತಿಗಳಿದ್ದವು. ತರಕಾರಿ ಆರಿಸುವವಳ ಹಾಗೆ ತಾಜಾ ಇದ್ದದ್ದನ್ನೇ ಆರಿಸಿದೆ. ಡೌನ್‌ಲೋಡಿನ ನೀಲಿ ಪಟ್ಟಿ ಬಸವನಹುಳುವಿನ ಹಾಗೆ ತೆವಳಿತು. ನಾನು ಉಗುರು ಕಚ್ಚುತ್ತಾ, ಕಾಲು ಕುಣಿಸುತ್ತಾ ಕೂತೆ. ಮುಗಿದದ್ದೇ ಪೆನ್ ಡ್ರೈವಿಗೆ ಹಾಕಿಕೊಂಡು ಮನೆಗೆ ಹಾರಿದೆ.

ಅಷ್ಟರಲ್ಲಿ ದೊಡ್ಡಪ್ಪ ಬಂದು ಹಾಲಿನ ಒಳ್ಳೆಯ ಕುರ್ಚಿಯಲ್ಲಿ ವಿರಾಜಮಾನರಾಗಿದ್ದರು. ಕಂಪ್ಯೂಟರ್ ಮುಂದೆ ಕಾದು ಕೂತಿದ್ದ ಅಪ್ಪಾಜಿಯನ್ನು ನೋಡಿ, “ಯಾಕಪ್ಪ ಇಷ್ಟೆಲ್ಲ ಒದ್ದಾಟ? ಹೇಳೋಕೆ ನಾನಿಲ್ವಾ?” ಎನ್ನುತ್ತಿದ್ದರು. ಅಪ್ಪಾಜಿ ಸ್ಲೇಟು ಎತ್ತಿಕೊಂಡರು. ದೊಡ್ಡಪ್ಪ ಆಗಲೇ ಅಮ್ಮನ ಕಡೆ ತಿರುಗಿ ಹೋಳಿಗೆ ಎಷ್ಟು ಮಾಡಿದ್ದೀಯ ಎಂದು ಕೇಳುತ್ತಿದ್ದರು. ಅಪ್ಪಾಜಿ ಸ್ಲೇಟು ಕೆಳಗಿಟ್ಟರು. ನನಗೆ ಒಳಗೆ ಬೆಂಕಿ ಬಿದ್ದ ಹಾಗಾಯಿತು. ಬೀಳಲಿ, ಇವತ್ತು ಈ ಮನುಷ್ಯ ಅಪ್ಪಾಜಿಯ ಮಾತು ಕೇಳಲೇಬೇಕು. ಆ ಮಾತು ನನಗೆ ಬೇಡವಾದದ್ದೇ ಆದರೂ ಸರಿ, ಅಪ್ಪಾಜಿಯೇ ಹೇಳಬೇಕು.

ಇನ್‌ಸ್ಟಾಲ್ ಆಜ್ಞೆ ಕೊಟ್ಟೆ. ಮತ್ತೆ ಎರರ್! ತಾಜಾ ಲೈಬ್ರರಿಗೆ ನನ್ನ ಸಿಸ್ಟಮ್ಮಿನ ಬುಡದಲ್ಲಿದ್ದ ಲೈಬ್ರರಿಯೇ ಹಳತಾಯಿತಂತೆ. ಅದನ್ನು ಬದಲಿಸುವುದೆಂದರೆ ಮನೆಯೊಳಗೆ ಜನರನ್ನು ಕೂರಿಸಿಕೊಂಡು ಪಾಯ ಕೀಳುವುದು. ನನಗೆ ರೇಗಿತು. ರೇಗಿದಾಗ ಎಲ್ಲ ಲಿನಕ್ಸ್‌ನವರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಯಾವ ಡಿಪೆಂಡೆನ್ಸಿಯನ್ನೂ ನೋಡಬೇಡ, ಸುಮ್ಮನೆ ಹಾಕು ಎಂದು ಹೇಳುವ ‘ನೋ ಡೆಪ್ಸ್’ ಎಂಬ ಒಂದು ಮಾತಿದೆ. ‘ಹೀಗೆ ಮಾಡಿದವರಿಗೆ ನನ್ನ ಕ್ಲಾಸಿನಲ್ಲಿ ಜಾಗವಿಲ್ಲ’ ಎಂದು ನಾನೇ ವಿದ್ಯಾರ್ಥಿಗಳಿಗೆ ಕಣ್ಣು ಕೆಂಪಗೆ ಮಾಡಿ ಹೇಳುತ್ತಿದ್ದೆ. ಈಗ ಅದನ್ನೇ ಟೈಪು ಮಾಡಿ ಎಂಟರ್ ಕುಟ್ಟಿದೆ.

ಚಕಾರವೆತ್ತದೆ ಲೈಬ್ರರಿ ಒಳಗೆ ಹೋಯಿತು. ಪ್ರೋಗ್ರಾಮಿಗೂ ಅದನ್ನೇ ಕೊಟ್ಟೆ. ಅದೂ ಹೋಯಿತು! ಕುರ್ಚಿಯಿಂದ ಎಗರಿ ಅಪ್ಪಾಜಿಯ ಕೈ ಹಿಡಿದು ಕುಲುಕಿದೆ. ಸ್ಪೀಕರಿನ ವಾಲ್ಯೂಮ್ ಪೂರ್ತಿ ತಿರುಗಿಸಿ ‘ನಮಸ್ಕಾರ’ ಎಂದು ಬರೆದು ಓದಿಸಿದೆ. ಒಂದು ಸಾಲು ಎರರ್ ಕಾರಿ ಪ್ರೋಗ್ರಾಂ ಸತ್ತುಬಿತ್ತು. ಇನ್ನೊಮ್ಮೆ ಓದಿಸಿದೆ. ಮತ್ತೆ ಅದೇ. ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ.

“ಏನಮ್ಮಾ, ಇನ್ನೂ ಎರರ್ರಾ?” ಎಂದರು ದೊಡ್ಡಪ್ಪ ಎಲೆಯಡಿಕೆ ಮೆಲ್ಲುತ್ತಾ. “ಹೋಗಿ ತಲೆ ಬಾಚ್ಕೋ. ಗಂಡಿನ ಕಡೆಯೋರು ಹೊರಟಿದಾರಂತೆ, ಫೋನ್ ಬಂತು.”

ನನಗೆ ಅಳು ಬಂತು. ಕೀಬೋರ್ಡಿನ ಮೇಲೆ ಕೈ ಎತ್ತಿದ್ದೆ, ಕುಟ್ಟಿಯೇಬಿಡುತ್ತಿದ್ದೆನೇನೋ. ಅಪ್ಪಾಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿದು, ಗಲ್ಲಕ್ಕೆ ಕೈಯಿಟ್ಟು ನನ್ನ ಮುಖವನ್ನು ಪರದೆಯ ಕಡೆಗೆ ತಿರುಗಿಸಿದರು. ಬೆಳಗಿನಿಂದ ಆ ಎರರುಗಳನ್ನು ನಾನು ಬೈದಿದ್ದೆನೇ ಹೊರತು ಕೊನೆಯವರೆಗೆ ಓದಿರಲಿಲ್ಲ. ಮೂಗು ಒರೆಸಿಕೊಂಡು ಓದಿದೆ. ನನ್ನ ಪ್ರೋಗ್ರಾಂ ಎಲ್ಲೂ ತಾಜಾ ಲೈಬ್ರರಿ ಬೇಕೆಂದು ಕೇಳಿಯೇ ಇರಲಿಲ್ಲ. ಹಳೆಯದನ್ನೇ ಕೇಳಿತ್ತು, ಆವೃತ್ತಿಯ ಅಂಕಿ ಸಮೇತ. ಕೇಳಿದ್ದನ್ನು ಬಿಟ್ಟು ನನಗೆ ಚೆಂದ ಕಂಡದ್ದನ್ನು ತಂದುಕೊಟ್ಟಿದ್ದೆ! ಕೋಪವೆಲ್ಲ ಒಂದೇ ಕ್ಷಣಕ್ಕೆ ಇಳಿದು, ಕಳ್ಳ ಸಿಕ್ಕಿಬಿದ್ದಾಗ ಪೊಲೀಸರಿಗೆ ಆಗುವಂಥ ಖುಷಿಯಾಯಿತು.

ಹಾಕಿದ್ದನ್ನೆಲ್ಲ ಶುದ್ಧವಾಗಿ ಕಿತ್ತುಹಾಕಿದೆ. ಮತ್ತೆ ಸ್ಕೂಟಿ, ಮತ್ತೆ ಮಾರೇನಹಳ್ಳಿ. ಚನ್ನಕೇಶವ ನನ್ನನ್ನು ಕಂಡಿದ್ದೇ ಶಟರನ್ನು ತಾನೇ ಮೇಲೆತ್ತಿದ. “ಈ ಸಲ ಆರತಿ ಬೇಡ ಮೇಡಂ” ಎಂದ. ಹಳೆಯ ಆವೃತ್ತಿಗಳ ಫೋಲ್ಡರ್ ಹುಡುಕಿದೆ, ನನ್ನ ಸಿಸ್ಟಮ್ಮಿಗೆಂದೇ ಮಾಡಿದ ಪ್ಯಾಕೇಜು ಸಿಕ್ಕಿತು. ಅದರ ವಿವರವನ್ನು ಈ ಸಲ ಅಕ್ಷರ ಬಿಡದೆ ಓದಿದೆ. ಅದಕ್ಕೊಂದು ಜೊತೆಗಾರ ಪ್ಯಾಕೇಜೂ ಬೇಕು ಎಂದಿತ್ತು. ಅದನ್ನೂ ಇಳಿಸಿಕೊಂಡೆ. ವಾಪಸು ಬರುವಾಗ ಚಂದ್ರಾ ಲೇಔಟಿನ ತಿರುವಿನಲ್ಲಿ ಒಂದು ಮ್ಯಾಕ್ಸಿ ಕ್ಯಾಬ್ ನನ್ನ ಮುಂದೆ ನಿಧಾನಕ್ಕೆ ಹೋಗುತ್ತಿತ್ತು. ಕಿಟಕಿಯಲ್ಲಿ ರುದ್ರೇಶನ ತಾಯಿ ಶಿವಗಂಗಮ್ಮನವರ ಮುಖ! ಬೂದುಗುಂಬಳದ ಕಲೆ ಹತ್ತಿದ ಚೂಡಿದಾರದಲ್ಲಿ ಮದುವಣಗಿತ್ತಿ ಓವರ್‌ಟೇಕ್ ಮಾಡಿಕೊಂಡು ಹೋಗುವುದನ್ನು ಅವರು ನೋಡಿದರೋ ಇಲ್ಲವೋ, ನಾನಂತೂ ತಲೆ ತಗ್ಗಿಸಿ ಆಕ್ಸಿಲರೇಟರ್ ತಿರುಗಿಸಿದೆ.

ಹಿತ್ತಲ ಬಾಗಿಲಿಂದ ಒಳಗೆ ನುಗ್ಗಿದೆ. “ಬಂದ್ಬಿಟ್ರು!” ಎಂದೆ. ಅಮ್ಮ ಕಾಫಿ ನೆಪ ಹೇಳಿ ಅವರನ್ನು ವರಾಂಡದಲ್ಲೇ ಕೂರಿಸಿದಳು. ನಾನು ಲೈಬ್ರರಿ ಹಾಕಿದೆ. ‘ಜೊತೆಗಾರ ಇಲ್ಲದೆ ನಾನು ಬರುವುದಿಲ್ಲ’ ಎಂದಿತು. ಸರಿ ಎಂದು ಜೊತೆಗಾರನನ್ನು ಹಾಕಿದೆ. ‘ಲೈಬ್ರರಿ ಇಲ್ಲದೆ ನಾನು ಬರುವುದಿಲ್ಲ’ ಎಂದಿತು ಅದು.

ಹೊರಗೆ ಹೊಸ್ತಿಲಲ್ಲಿ, ಅವರನ್ನು ಎದುರುಗೊಳ್ಳಲು ಹೋಗಿದ್ದ ದೊಡ್ಡಪ್ಪನ ದನಿ, “ನೀವು ಮೊದ್ಲು ನಡೀರಿ.” ಗಂಡಿನ ಕಡೆಯವರು, “ಛೆ ಛೆ, ದೊಡ್ಡೋರು ನೀವು, ನೀವು ನಡೀರಿ.” ಯಾರೂ ಒಳಗೆ ಬರುತ್ತಿರಲಿಲ್ಲ. ಒಳಗೆ ನನ್ನ ಎರಡು ಪ್ಯಾಕೇಜುಗಳೂ ಅದೇ ಹೊಸ್ತಿಲಲ್ಲಿ ಅದೇ ಉಪಚಾರ ಮಾಡುತ್ತಾ ನಿಂತಿದ್ದವು. ಈ ಸಲ ನಾನು ಕೂಗಾಡಲಿಲ್ಲ. ಎರಡು ಎರರುಗಳನ್ನೂ ಒಂದರ ಕೆಳಗೊಂದು ಓದಿದೆ. ಇವು ಒಬ್ಬರ ಹಿಂದೆ ಒಬ್ಬರು ಬರುವುದಿಲ್ಲ. ಕೈ ಹಿಡಿದು ಒಟ್ಟಿಗೇ ದಾಟಬೇಕು. ಒಂದೇ ಆಜ್ಞೆಯಲ್ಲಿ ಎರಡರ ಹೆಸರನ್ನೂ ಬರೆದೆ. ಪಕ್ಕದಲ್ಲಿ ಪ್ರೋಗ್ರಾಮಿನ ಹೆಸರನ್ನೂ ಸೇರಿಸಿ ಎಂಟರ್ ಒತ್ತಿದೆ.

ಪರದೆಯ ಮೇಲೆ ಚುಕ್ಕೆಗಳ ಸಾಲು ಓಡಿತು. ಒಂದು ಮುಗಿಯಿತು. ಎರಡು ಮುಗಿಯಿತು. ಮೂರೂ! ಒಂದೂ ಎರರ್ ಇಲ್ಲ! ಹೊರಗೆ ಕೇಳಿಸದ ಹಾಗೆ ವಾಲ್ಯೂಮ್ ತಗ್ಗಿಸಿ ನಾನು ಟೈಪು ಮಾಡಿದೆ: ನನ್ನ ಮಗಳನ್ನು ನಿಮ್ಮ ಮನೆಗೆ ಕೊಡುತ್ತಿದ್ದೇನೆ.

ಸ್ಪೀಕರ್ ಒಂದೊಂದೇ ಅಕ್ಷರವನ್ನು ಕಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿ ಹೇಳಿತು. ಮೂಗಿನ ದನಿ, ಏರಿಲ್ಲ, ಇಳಿವಿಲ್ಲ. ನನಗೆ ಅದಕ್ಕಿಂತ ಇಂಪಾದದ್ದು ಬೇರೆ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು. ಕುಣಿಯುವುದೊಂದು ಬಾಕಿ ನನಗೆ. ಅಪ್ಪಾಜಿ ಮಾತ್ರ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ನಾನು ಬರೆದ ಸಾಲನ್ನು ಅಳಿಸಿದರು. ಹೋಗಿ ಸೀರೆ ಉಟ್ಟುಕೋ ಎಂದು ಕೈಸನ್ನೆ ಮಾಡಿದರು.

ನಾನು ಹಸಿರು ಸೀರೆ ಸುತ್ತಿಕೊಂಡು, ಅಮ್ಮ ಮುಡಿಸಿದ ಹೂವು ಸರಿಮಾಡಿಕೊಳ್ಳುತ್ತಾ ಹಾಲಿಗೆ ಬರುವ ಹೊತ್ತಿಗೆ ಎಲ್ಲರೂ ಕೂತಾಗಿತ್ತು. ನಡುವೆ ತಾಂಬೂಲದ ತಟ್ಟೆ. ಒಂದು ಕಡೆ ರುದ್ರೇಶ, ಅವನ ತಾಯಿ ಶಿವಗಂಗಮ್ಮ, ಅವರ ಹಿಂದೆ ನೆಂಟರು. ಇನ್ನೊಂದು ಕಡೆ ದೊಡ್ಡಪ್ಪ. ಗೋಡೆಯ ಹತ್ತಿರ ಕಂಪ್ಯೂಟರ್ ಮುಂದೆ ಅಪ್ಪಾಜಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಶಿವಗಂಗಮ್ಮ ನನ್ನನ್ನು ಕಂಡು, “ಸ್ಕೂಟಿ ಚೆನ್ನಾಗಿ ಓಡಿಸ್ತೀಯಮ್ಮ” ಎಂದರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸಿತು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. “ನಮ್ಮ ತಮ್ಮನ ಪರವಾಗಿ ಹಿರಿಯನಾದ ನಾನು...”

ಅಪ್ಪಾಜಿ ಕೈ ಎತ್ತಿದರು. ಬಸ್ಸು ನಿಲ್ಲಿಸುವಾಗ ಎತ್ತುತ್ತಿದ್ದ ಕೈ ಅದು. ದೊಡ್ಡಪ್ಪ ಬಾಯಿ ಮುಚ್ಚಿದರು. ಅಪ್ಪಾಜಿ ವಾಲ್ಯೂಮ್ ಏರಿಸಿ ಎಂಟರ್ ಒತ್ತಿದರು.

“ಎಲ್ಲರಿಗೂ ಶರಣು. ನಾನು ಶಿವಬಸಪ್ಪ ಮಾತಾಡುತ್ತಿದ್ದೇನೆ.”

ನೆಂಟರಲ್ಲಿ ಯಾರೋ “ಅಬ್ಬಾ!” ಎಂದರು. ಯಾರದೋ ಮಗು ಕಿಲಕಿಲ ನಕ್ಕಿತು.

“ನನ್ನ ಮಗಳು ಸುವರ್ಣಾಳನ್ನು ನಿಮ್ಮ ಮನೆಗೆ ಕೊಡುವುದು ನನಗೆ ಸಂತೋಷ. ಅವಳು ಕೆಲಸ ಬಿಡುವುದಿಲ್ಲ. ಹೋದ ಸಲವೂ ನಾನು ಇದನ್ನೇ ಬರೆದಿದ್ದೆ. ಯಾರೂ ಓದಿ ಹೇಳಲಿಲ್ಲ. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ತಾಂಬೂಲ ತೆಗೆದುಕೊಳ್ಳಿ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಇಷ್ಟು ದಿನ ನಾನು ಅಪ್ಪಾಜಿಯ ಮೇಲೆ ಸಿಟ್ಟಾಗಿದ್ದೆನಲ್ಲ, ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕಣ್ಣು ತುಂಬಿಬಂತು. ಅಪ್ಪಾಜಿ ನನ್ನ ಕಡೆ ನೋಡಲಿಲ್ಲ. ಗಂಡಿನ ಕಡೆಯವರನ್ನೇ ನೋಡುತ್ತಿದ್ದರು.

ದೊಡ್ಡಪ್ಪನ ಮುಖ ಕೆಂಪಾಗಿತ್ತು. ಹೆ ಹೆ ಎಂದು ನಕ್ಕರು. “ಅದು ಮೆಷಿನ್ನು ನೋಡಿ, ಬೆಳಿಗ್ಗೆಯಿಂದ ಕೆಟ್ಟುಹೋಗಿತ್ತು. ಏನೋ ಹೆಚ್ಚುಕಮ್ಮಿ ಹೇಳ್ತಾ ಇದೆ. ಅಲ್ವೇನಮ್ಮಾ ಸುವರ್ಣಾ? ಎರರ್ ಎರರ್ ಅಂತ ಕೂಗಾಡ್ತಿದ್ದೆಯಲ್ಲ?”

ಎಲ್ಲರೂ ನನ್ನತ್ತ ತಿರುಗಿದರು. “ಇತ್ತು ದೊಡ್ಡಪ್ಪ. ಈಗ ಒಂದೂ ಇಲ್ಲ. ಎಲ್ಲ ಸರಿ ಮಾಡಿದೀನಿ” ಎಂದೆ.

ಅಪ್ಪಾಜಿ ಸ್ಲೇಟಿಗೆ ಕೈ ಹಾಕದೆ ಎಂಟರ್ ಮತ್ತೊಮ್ಮೆ ಒತ್ತಿದರು. ಮೆಷಿನ್ನು ಮೊದಲಿನಿಂದ ಶುರುಮಾಡಿತು. ಅದೇ ಶರಣು, ಅದೇ ಸಂತೋಷ, ಅದೇ ದನಿಯಲ್ಲಿ ಅದೇ ‘ಕೆಲಸ ಬಿಡುವುದಿಲ್ಲ’. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ದೊಡ್ಡಪ್ಪ ನಡುವೆ ಎರಡು ಸಲ ಬಾಯಿ ಹಾಕಿದರು. ಅದು ಅವರಿಗಾಗಿ ನಿಲ್ಲಲೂ ಇಲ್ಲ, ದನಿ ತಗ್ಗಿಸಲೂ ಇಲ್ಲ.

ಮುಗಿದ ಮೇಲೆ ರುದ್ರೇಶ ಮೊದಲ ಸಲ ಎಲ್ಲರೆದುರು ಬಾಯಿ ತೆರೆದ. “ಕೆಲಸ ಬಿಡ್ಬೇಕು ಅಂತ ನಾವು ಯಾವತ್ತೂ ಕೇಳಿಲ್ಲ ಸಾರ್. ನೀವೇ ಹೇಳಿದ್ದು” ಎಂದು ದೊಡ್ಡಪ್ಪನನ್ನು ನೋಡಿದ. “ಹುಡುಗಿ ಮನೆಯೋರಿಗೇ ಹಾಗಿಷ್ಟ ಏನೋ ಅಂತ ನಮ್ಮಮ್ಮಂಗೂ ಬೇಜಾರಾಗಿತ್ತು.”

ಶಿವಗಂಗಮ್ಮ ಸೆರಗು ಹೊದ್ದು, ಮುಂದೆ ಬಾಗಿ ತಾಂಬೂಲದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಎತ್ತಿ ಮಡಿಲಲ್ಲಿಟ್ಟುಕೊಂಡು ಅಪ್ಪಾಜಿಗೆ ಹೇಳಿದರು, “ಒಪ್ಪಿಗೆ ಬೀಗ್ರೇ. ನಿಮ್ಮ ಮಾತು ಕೇಳಿ ಸಂತೋಷ ಆಯ್ತು. ಇನ್ನೂ ಏನಾದ್ರೂ ಹೇಳೋದಿದ್ರೆ ಹೇಳಿ. ನಮಗೇನೂ ಅವಸರ ಇಲ್ಲ, ಕೂತಿರ್ತೀವಿ.”

ಅಪ್ಪಾಜಿ ಕೀಬೋರ್ಡಿನ ಕಡೆ ಬಾಗಿ, ತೋರುಬೆರಳಿನಿಂದ ಒಂದು ಅಕ್ಷರ ಹುಡುಕಿ ಒತ್ತಿದರು. ಇನ್ನೊಂದನ್ನು ಹುಡುಕಿದರು. ತಪ್ಪಾಯಿತು, ಅಳಿಸಿದರು, ಮತ್ತೆ ಹುಡುಕಿದರು. ಯಾರೂ ಮಾತು ಬೇರೆ ಕಡೆ ತಿರುಗಿಸಲಿಲ್ಲ. ಅಡುಗೆಮನೆಯಿಂದ ಬಂದ ಅಮ್ಮ ಹೋಳಿಗೆಯ ತಟ್ಟೆ ಹಿಡಿದು ಅಲ್ಲೇ ನಿಂತಳು. ಇಡೀ ಹಾಲು ಅಪ್ಪಾಜಿಯ ಆ ಒಂದು ಬೆರಳನ್ನು ನೋಡುತ್ತಾ ಕಾಯುತ್ತಿತ್ತು. ದೊಡ್ಡಪ್ಪನವರೂ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಿದ್ದರು.